ಹದಿನೇಳನೇ ಪುಟದ ಗುರುತು

ಹೊಸದಾಗಿ ಕೆಲಸಕ್ಕೆ ಸೇರಿದ ಲೈಬ್ರರಿಯಮ್ಮ ಮೂರು ದಿನ ಬಗ್ಗಿಸಿದ ಕತ್ತು ಎತ್ತದೆ, ಮಗಳ ರಬ್ಬರನ್ನು ಅರ್ಧ ಸವೆಸಿ, ಕಾದಂಬರಿಗಳ ಕಪಾಟನ್ನೆಲ್ಲ ಚೊಕ್ಕ ಮಾಡಿದಳು. ಯಾವ ಪುಸ್ತಕ ತೆಗೆದರೂ ಹದಿನೇಳನೇ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನ ಗೀಚು: ಒಂದು ಸೂಜಿ, ಒಂದು ಅರ್ಧಚಂದ್ರ, ಒಂದು ಮೀನು. ಮಕ್ಕಳ ತುಂಟಾಟವಿರಬೇಕೆಂದು ಒಂದನ್ನೂ ಬಿಡದೆ ಅಳಿಸಿ, ಪುಡಿ ಊದಿ, ಕೈ ಕೊಡವಿಕೊಂಡಳು.

ಮರುದಿನ ಸಂಜೆ ನರ್ಸಜ್ಜಿ ಬಂದಳು. ಹೆರಿಗೆ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಪತ್ತೇದಾರಿ ಕಾದಂಬರಿ ಕೈಯಲ್ಲಿಲ್ಲದಿದ್ದರೆ ಅವಳಿಗೆ ಊಟ ಗಂಟಲಲ್ಲಿ ಇಳಿಯದು. ಒಂದು ಪುಸ್ತಕ ತೆಗೆದು ಹದಿನೇಳನೇ ಪುಟ ನೋಡಿದಳು, ಇಟ್ಟಳು. ಇನ್ನೊಂದು, ಮತ್ತೊಂದು. ಏಳನೆಯದಕ್ಕೆ ಕನ್ನಡಕ ಒರೆಸಿಕೊಂಡಳು.

“ನನ್ನ ಚಂದ್ರ ಎಲ್ಲಿ?”

“ಯಾವ ಚಂದ್ರ, ಅಜ್ಜಿ?”

“ಓದಿದ ಪುಸ್ತಕಕ್ಕೆಲ್ಲ ನಾನು ಹಾಕ್ತಿದ್ದೆನಲ್ಲ. ದರ್ಜಿ ಅಕ್ಕಂದು ಸೂಜಿ, ಟೀಚರಮ್ಮಂದು ಮೀನು. ಅದಿಲ್ದೆ ಯಾವುದು ಓದಿದ್ದು, ಯಾವುದು ಬಿಟ್ಟಿದ್ದು ಅಂತ ಹೇಗೆ ಗೊತ್ತಾಗಬೇಕು?”

ಲೈಬ್ರರಿಯಮ್ಮ ಮೇಜಿನ ಮೇಲಿದ್ದ ರಬ್ಬರಿನ ಕಡೆ ನೋಡಿದಳು. “ಅಳಿಸಿಬಿಟ್ಟೆ.”

“ಎಷ್ಟು?”

“ಎಲ್ಲಾನೂ.”

ಅಜ್ಜಿ ಕುರ್ಚಿ ಎಳೆದುಕೊಂಡು ಕೂತಳು. “ಹನ್ನೆರಡು ವರ್ಷದ ಓದು. ಪೊಲೀಸ್ ಬರೋ ಮುಂಚೆ ಕೊಲೆಗಾರ ಕೂಡ ಇಷ್ಟು ಚೆನ್ನಾಗಿ ಒರೆಸಲ್ಲ ತಾಯಿ.”

ಸುದ್ದಿ ಲೈಬ್ರರಿಯ ಯಜಮಾನರ ಕಿವಿಗೂ ಬಿತ್ತು. “ಸಂಜೆ ಬರೋ ಹೆಂಗಸರಿಂದಲೇ ಈ ಬಾಗಿಲು ತೆರೆದಿರೋದು. ತಿಂಗಳ ಕೊನೆಯೊಳಗೆ ಅವರು ಮುಖ ತಿರುಗಿಸಿದ್ರೆ, ಕೆಲಸ ಖಾಯಂ ಅನ್ನೋ ಮಾತು ಮರೆತುಬಿಡಮ್ಮ.”

ಮಗಳನ್ನು ಶಾಲೆಯಿಂದ ಕರೆತರಲು ಪುರುಸೊತ್ತು ಸಿಗುವ, ಸುತ್ತ ಪುಸ್ತಕಗಳೇ ಇರುವ ಕೆಲಸ. ಎಷ್ಟು ವರ್ಷ ಕಾದಿದ್ದಳು. ಅಂದು ಕುಕ್ಕರಿನ ಶಿಳ್ಳೆ ಎಣಿಸುತ್ತ ಲೈಬ್ರರಿಯಮ್ಮ ಒಂದು ನಿರ್ಧಾರಕ್ಕೆ ಬಂದಳು. ಗುರುತು ಹೋಗಿದ್ದರೆ ಹೋಗಲಿ, ದಾರಿ ಹೇಳಲು ತನಗೆ ಬಾಯಿದೆಯಲ್ಲ.

ಮರುದಿನದಿಂದ ಬಂದವರನ್ನೆಲ್ಲ ಕೂರಿಸಿ, ಮನೆ ಕಡೆ ವಿಚಾರಿಸಿ, ಮುಖ ನೋಡಿ ಪುಸ್ತಕ ಕೊಟ್ಟಳು. ದರ್ಜಿ ಅಕ್ಕನಿಗೆ ಒಂದೇ ಒಲೆಯ ಮುಂದೆ ಇಪ್ಪತ್ತು ವರ್ಷ ಕಳೆದ ಅತ್ತೆ ಸೊಸೆಯರ ಕಾದಂಬರಿ. ಟೀಚರಮ್ಮನಿಗೆ ನಲವತ್ತು ದಾಟಿದ ಮೇಲೆ ಬಸ್ಸು ಓಡಿಸಲು ಕಲಿತವಳ ಕಥೆ. ನರ್ಸಜ್ಜಿಗೆ ಗಡಿಯಾರದಂಗಡಿಯಲ್ಲಿ ಹೆಣ ಬಿದ್ದ ಕಥೆ.

ಮೂರೇ ದಿನಕ್ಕೆ ನರ್ಸಜ್ಜಿ ಎದೆಯುಬ್ಬಿಸಿಕೊಂಡು ಬಂದಳು. “ನಲವತ್ತನೇ ಪುಟಕ್ಕೇ ಹಿಡಿದೆ. ತಂಗಿ ಗಂಡನೇ ಕೊಂದಿದ್ದು.”

ಮುಂದಿನದರಲ್ಲಿ ಇಪ್ಪತ್ತನೇ ಪುಟ. ಅದರ ಮುಂದಿನದರಲ್ಲಿ ಅಡುಗೆಯವಳು ಬಾಗಿಲು ತೆರೆದದ್ದೇ ತಡ, ಕೊಲೆಗಾರನನ್ನು ಹಿಡಿದುಬಿಟ್ಟಳು. ಬೀದಿಯಲ್ಲಿ ಅಜ್ಜಿಯ ನಡಿಗೆಯೇ ಬದಲಾಯಿತು. “ಅಜ್ಜೀ, ಪೊಲೀಸ್ ಕೆಲಸಕ್ಕೊಂದು ಅರ್ಜಿ ಹಾಕಿ. ಯೂನಿಫಾರಂ ನಾನೇ ಹೊಲಿದುಕೊಡ್ತೀನಿ,” ಎಂದಳು ದರ್ಜಿ ಅಕ್ಕ.

ವಾಪಸು ಬಂದ ಆ ಮೂರು ಪುಸ್ತಕಗಳನ್ನು ಲೈಬ್ರರಿಯಮ್ಮ ಕಿಟಕಿಯ ಬಳಿ ಓರೆಯಾಗಿ ಹಿಡಿದು ನೋಡಿದಳು. ಪೆನ್ಸಿಲ್ಲಿನ ಸೀಸ ಹೋಗಿತ್ತು, ಒತ್ತಿ ಬರೆದ ಅಚ್ಚು ಉಳಿದಿತ್ತು. ಮೂರರಲ್ಲೂ ಅರ್ಧಚಂದ್ರ. ಹೇಳಿದರೆ ಅಜ್ಜಿ ಮುನಿದು ಹೋದಾಳು. ಬಾಯಿ ಮುಚ್ಚಿಕೊಂಡರೆ ಕೆಲಸ ಉಳಿದೀತು, ಆದರೆ ಇನ್ನೊಂದು ಪುಸ್ತಕ ಕೊಡುವಾಗ ಅಜ್ಜಿಯ ಮುಖ ನೋಡುವುದು ಹೇಗೆ? ತಿಂಗಳ ಕೊನೆಯ ಸಂಜೆ ಪುಟ ಬಿಡಿಸಿ ಅಜ್ಜಿಯ ಬೆರಳನ್ನು ಆ ಅಚ್ಚಿನ ಮೇಲಿಟ್ಟಳು.

ಅಜ್ಜಿ ಸವರಿದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಮುಂಚೆ ಓದಿದ್ದೇ ಅಂತ ಎರಡನೇ ಪುಸ್ತಕಕ್ಕೇ ಗೊತ್ತಾಗಿತ್ತು. ಆದರೆ ಯಾರು ಕೊಂದ ಅಂತ ತಲೆ ಕೆಡಿಸಿಕೊಳ್ಳದೆ ಓದಿದ್ರೆ, ಕೊಂದವನ ಹೆಂಡತಿ ಕಷ್ಟ ಕಣ್ಣಿಗೆ ಬೀಳುತ್ತೆ ನೋಡು. ಹಿಂದೆ ಅವಳು ಇದ್ದಿದ್ದೇ ನೆನಪಿಲ್ಲ ನನಗೆ. ದರ್ಜಿಗೆ ಮಾತ್ರ ಹೇಳಬೇಡ.”

ದರ್ಜಿ ಅಕ್ಕ ಕಪಾಟಿನ ಹಿಂದೆಯೇ ಇದ್ದಳು. ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು ಈಚೆ ಬಂದಳು. “ನಂದೂ ಅದೇ ಕಥೆ ಅಜ್ಜಿ. ಆಗ ಸೊಸೆಗೋಸ್ಕರ ಅತ್ತಿದ್ದೆ, ಈಗ ಅತ್ತೆಗೋಸ್ಕರ ಅತ್ತೆ. ಪುಸ್ತಕ ಹಾಗೇ ಇದೆ. ಮನೆಗೆ ಸೊಸೆ ಬಂದಿದ್ದಾಳೆ ಅಷ್ಟೇ.”

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ನರ್ಸಜ್ಜಿ ಅವರೆದುರೇ ಪೆನ್ಸಿಲ್ ತೆಗೆದು ಹದಿನೇಳನೇ ಪುಟದಲ್ಲಿ ಅರ್ಧಚಂದ್ರ ಬರೆದಳು, ಪಕ್ಕದಲ್ಲೇ ಇನ್ನೊಂದು.

“ಪುಸ್ತಕದ ಮೇಲೆ ಗೀಚಬಾರದು ಅಜ್ಜಿ,” ಎಂದರು ಯಜಮಾನರು.

“ಎರಡು ಸಲ ಓದಿದ್ದಕ್ಕೆ ಎರಡು ಚಂದ್ರ. ಇವಳು ಇಲ್ಲಿ ಇರೋವರೆಗೂ ನಾವು ಬರ್ತೀವಿ, ಗೀಚ್ತೀವಿ. ಇವಳ ಕೈಗೆ ರಬ್ಬರ್ ಮಾತ್ರ ಕೊಡಬೇಡಿ.”

ಯಜಮಾನರು ಮೂವರ ಮುಖವನ್ನೂ ನೋಡಿದರು. ಮೇಜಿನ ಮೇಲಿದ್ದ ಅರ್ಧ ರಬ್ಬರನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡು, “ನಾಳೆ ಬೇಗ ಬಾಮ್ಮ, ಖಾಯಂ ಕಾಗದಕ್ಕೆ ಸಹಿ ಹಾಕಬೇಕು,” ಎಂದರು.

ಅದು ಮಗಳ ರಬ್ಬರು, ನಾಳೆ ಅವಳಿಗೆ ಲೆಕ್ಕದ ಪರೀಕ್ಷೆ ಎಂದು ಹೇಳಲು ಲೈಬ್ರರಿಯಮ್ಮನಿಗೆ ಬಾಯಿ ಬರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹೊಸದೊಂದು ಕೊಂಡಳು.