ಅತ್ತಿಗೆಯ ಉಪ್ಪುನೀರು

ಅಂಟಿಕೊಂಡದ್ದೆಲ್ಲದರ ಮೇಲೂ ನಮ್ಮ ಅತ್ತಿಗೆಗೆ ಅನುಮಾನ. ಲಕೋಟೆಯ ಅಂಚನ್ನು ಉಗುರಿನಿಂದ ಕೆರೆದು ನೋಡದೆ ಅಂಚೆಗೆ ಹಾಕಿದವರಲ್ಲ, ಗೋಡೆಯ ಮೊಳೆಯನ್ನು ಅಲುಗಿಸಿ ನೋಡದೆ ಕ್ಯಾಲೆಂಡರ್ ತೂಗುಹಾಕಿದವರಲ್ಲ, ಮನೆಗೆ ಬಂದವರು ಯಾರದಾದರೂ ಗಾಢಸ್ನೇಹವನ್ನು ವರ್ಣಿಸತೊಡಗಿದರೆ, ಕನ್ನಡಕವನ್ನು ಹಣೆಗೇರಿಸಿ, "ಉಪ್ಪು ಹೆಚ್ಚಿಸಿ ನೋಡಿದ್ದೀರಾ?" ಎಂದು ಕೇಳಿಬಿಡುತ್ತಿದ್ದರು. ಬಂದವರು ತಬ್ಬಿಬ್ಬಾದರೆ ಅಣ್ಣ ಸಮಾಧಾನ ಹೇಳುತ್ತಿದ್ದ: "ನನ್ನನ್ನ ಮದುವೆಗೆ ಮುಂಚೇನೇ ನೆನೆಹಾಕಿ ನೋಡಿದ್ದಾಳೆ, ಬಿಡಿ."

ಆ ಮಾತು ಅವರ ಪ್ರಯೋಗಶಾಲೆಯದು. ಜೀವಕೋಶದೊಳಗಿನ ಡಿಎನ್‌ಎ ಎಂಬ ನೀಳ ಎಳೆಯ ಮೇಲೆ ಪ್ರೋಟೀನುಗಳು ಬಂದು ಕೂರುತ್ತವೆ, ಜಾರುತ್ತವೆ, ತಡಕಾಡುತ್ತವೆ. ತಮ್ಮ ತಾಣ ಸಿಕ್ಕಿದಾಗ ಬಿಗಿಯಾಗಿ ಹಿಡಿದು ಅಲ್ಲಿಯ ಜೀನನ್ನು ಎಚ್ಚರಿಸುತ್ತವೆ. ಆದರೆ ತಾಗಿದ್ದೆಲ್ಲ ಹಿಡಿತವಲ್ಲ. ವಿದ್ಯುದಾಕರ್ಷಣೆಯಿಂದ ಸುಮ್ಮನೆ ಮೆತ್ತಿಕೊಂಡವು ಉಪ್ಪುನೀರಿನಲ್ಲಿ ತೊಳೆದರೆ ಕಳಚಿಹೋಗುತ್ತವೆ. ಯಾರ ಫಲಿತಾಂಶ ಎಷ್ಟೇ ಅಂದವಾಗಿರಲಿ, ಅತ್ತಿಗೆ ಇನ್ನೊಮ್ಮೆ ತೊಳೆಸದೆ ಬಿಡುತ್ತಿರಲಿಲ್ಲ. ಜೇಬು ಹರಿದ ಬಿಳಿ ಕೋಟು ತೊಟ್ಟು, ಮೊಣಕಾಲು ನೋವಿಗೆ ಒಂದು ಪಕ್ಕಕ್ಕೆ ವಾಲುತ್ತ ಮೇಜಿನಿಂದ ಮೇಜಿಗೆ ಅವರು ಬರುವುದನ್ನು ಕಂಡರೆ ವಿದ್ಯಾರ್ಥಿಗಳು "ಸಮುದ್ರ ಬಂತು" ಎಂದು ಪಿಸುಗುಟ್ಟುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ.

ಅವರಿಗೆ ಹೆಸರು ತಂದದ್ದು ಒಂದೇ ಪ್ರೋಟೀನು. ಅದು ಡಿಎನ್‌ಎಯ ಇಂಥದೇ ತಾಣವನ್ನು ನೇರವಾಗಿ ಹಿಡಿಯುತ್ತದೆಂದು ಯೌವನದಲ್ಲೇ ತೋರಿಸಿಕೊಟ್ಟಿದ್ದರು. ನಿವೃತ್ತಿಗೆ ಮುನ್ನ ದೊಡ್ಡದೊಂದು ವಿದ್ವತ್ಸಭೆಯಲ್ಲಿ ಅದನ್ನೇ ಕುರಿತು ಮಾತನಾಡಲು ಕರೆಯೂ ಬಂದಿತ್ತು. ಸಭೆ ಹತ್ತಿರವಾದ ಒಂದು ಸಂಜೆ ಅವರನ್ನು ಮನೆಗೆ ಕರೆದೊಯ್ಯಲು ನಾನು ಪ್ರಯೋಗಶಾಲೆಗೆ ಹೋದಾಗ, ಅವರ ಕೊನೆಯ ವಿದ್ಯಾರ್ಥಿನಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು. ಅತ್ತಿಗೆಯ ರೂಢಿಗಿಂತ ಹೆಚ್ಚು ಉಪ್ಪಿನಲ್ಲಿ ಶುದ್ಧಮಾಡಿದ ಆ ಪ್ರೋಟೀನು ಡಿಎನ್‌ಎಯನ್ನು ಮುಟ್ಟಿಯೇ ಇರಲಿಲ್ಲ. ತೊಳೆದ ನೀರಿನಲ್ಲಿ ಇನ್ನೊಂದು ಪುಟ್ಟ ಪ್ರೋಟೀನು ಸಿಕ್ಕಿತ್ತು. ಡಿಎನ್‌ಎಯನ್ನು ಹಿಡಿಯುವುದು ಆ ಪುಟ್ಟದು. ಅತ್ತಿಗೆಯದು ಇಷ್ಟು ಕಾಲವೂ ಅದರ ಕೈ ಹಿಡಿದು ನಿಂತಿತ್ತು, ಅಷ್ಟೆ.

"ನಾನೇ ಎಲ್ಲೋ ತಪ್ಪು ಮಾಡಿರ್ಬೇಕು ಮೇಡಂ," ಎಂದಳು ಹುಡುಗಿ.

ಅತ್ತಿಗೆ ಅವಳ ಪ್ರಯೋಗದ ಫಲಿತಾಂಶದ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಲ್ಲಮ್ಮ. ಆಗ ಉಪ್ಪು ಹೆಚ್ಚಿಸಿದ್ರೆ ಪ್ರೋಟೀನು ಕಡಿಮೆ ಸಿಗ್ತಿತ್ತು, ಆಸೆಗೆ ಬಿದ್ದು ಕಮ್ಮಿ ಹಾಕ್ದೆ. ಊರಿಗೆಲ್ಲ ಬುದ್ಧಿ ಹೇಳ್ದೆ, ನನ್ನದನ್ನೇ ಸರಿಯಾಗಿ ತೊಳೀಲಿಲ್ಲ." ಆಮೇಲೆ ತಟ್ಟನೆ ಕೇಳಿದರು: "ಎರಡನ್ನೂ ಕೂಡಿಸಿ ನೋಡ್ದೆಯಾ?"

"ನೋಡ್ದೆ. ಕೂಡಿಸಿದ್ರೆ ಎರಡೂ ಹಿಡ್ಕೊಳ್ತವೆ."

"ಹಾಗಾದ್ರೆ ಇನ್ನೇನು? ಅಳೋದ್ಯಾಕೆ?"

ದಾರಿಯುದ್ದಕ್ಕೂ ನನಗೇ ಸಂಕಟ. ಜೀವಮಾನದ ಹೆಸರು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಮರುಗಿ, "ಸಭೆ ಮುಗಿಯೋವರೆಗೆ ತಡೀಬಹುದಲ್ವಾ ಅತ್ತಿಗೆ?" ಎಂದೆ.

"ನೀನು ಕತೆ ಬರೆಯೋನು ಕಣಪ್ಪ, ಕೊನೇವರೆಗೂ ಮುಚ್ಚಿಡ್ತೀಯ," ಎಂದರು. "ನಮ್ಮಲ್ಲಿ ಹಾಗೆ ನಡೆಯಲ್ಲ."

ಸಭೆಯಲ್ಲಿ ಅವರು ಆಡಿದ್ದು ಎರಡೇ ಮಾತು. "ಇಷ್ಟು ಕಾಲ ನಾನು ಹೇಳಿದ್ದು ತಪ್ಪು. ಸರಿಯಾದದ್ದನ್ನ ಈಕೆ ಹೇಳ್ತಾಳೆ." ವಾಲುತ್ತ ವೇದಿಕೆಯಿಳಿದು ಮುಂದಿನ ಸಾಲಿನಲ್ಲಿ ಕುಳಿತರು, ಹುಡುಗಿ ಮುಗಿಸಿದೊಡನೆ ಎಲ್ಲರಿಗಿಂತ ಮೊದಲು ಕೈಯೆತ್ತಿ, ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಕೇಳಿದರು. ಹುಡುಗಿ ತಡವರಿಸದೆ ಉತ್ತರಿಸಿದಳು. ಅತ್ತಿಗೆ ಕುರ್ಚಿಗೊರಗಿ, ಮಗಳು ಕೈಬಿಟ್ಟು ಸೈಕಲ್ ತುಳಿದದ್ದನ್ನು ಕಂಡ ತಾಯಿಯಂತೆ ಅತ್ತಿತ್ತ ನೋಡಿದರು.

ಆಡಿದ ಮಾತನ್ನು ಬಿಟ್ಟುಕೊಟ್ಟವರನ್ನು ಲೋಕ ಸೋತವರ ಲೆಕ್ಕಕ್ಕೆ ಸೇರಿಸುತ್ತದೆ. ಅತ್ತಿಗೆಯಂಥವರು ತಮ್ಮ ಮಾತಿಗಿಂತ ಮಾತಿನ ವಿಷಯವನ್ನು ಹೆಚ್ಚು ಪ್ರೀತಿಸಿದವರು. ಸೋತ ದಿನವೂ ಅವರಿಗೆ ಊಟ ರುಚಿಸುತ್ತದೆ, ನಿದ್ದೆ ಬರುತ್ತದೆ. ಗೆದ್ದವರಲ್ಲಿ ಎಷ್ಟು ಮಂದಿಗೆ ಆ ಭಾಗ್ಯವಿದೆಯೋ ನಾನರಿಯೆ.