ಅರವತ್ತರವರೆಗೆ

ಕಿವಿ ಪರೀಕ್ಷೆಯ ಕೋಣೆಯಲ್ಲಿ ಗಾಜಿನ ಆಚೆ ರೋಗಿ, ಈಚೆ ಅವಳು. ಶಬ್ದ ಕೇಳಿಸಿದಾಗ ರೋಗಿ ಗುಂಡಿ ಒತ್ತಬೇಕು, ಅಷ್ಟೇ. ಆದರೆ ಕೆಲವರು ಶಬ್ದ ಬಾರದಿದ್ದರೂ ಒತ್ತುತ್ತಾರೆ. ಮೋಸ ಮಾಡಬೇಕೆಂದಲ್ಲ, ಈಚೆ ಕೂತವಳಿಗೆ ಬೇಸರವಾಗದಿರಲಿ ಎಂದು. ಅಂಥವರನ್ನು ಅವಳು ಗದರಿಸುತ್ತಿರಲಿಲ್ಲ. ಮೊದಲಿನಿಂದ ಶುರುಮಾಡುತ್ತಿದ್ದಳು.

ಆ ಕೋಣೆಯ ಕಪಾಟಿನಲ್ಲಿ ಮೂರು ವಾರದಿಂದ ಒಂದು ಪುಟ್ಟ ಪೆಟ್ಟಿಗೆ ಕೂತಿತ್ತು. ಒಳಗಿದ್ದದ್ದು ಅವಳ ಅತ್ತೆಗೆಂದು ತರಿಸಿದ ಶ್ರವಣಯಂತ್ರ.

“ನಿಮ್ಮತ್ತೆ ಕಿವಿ ನಮ್ಮ ಕಪಾಟಲ್ಲಿ ಧೂಳು ತಿಂತಿದೆಯಲ್ಲಮ್ಮಾ,” ಎಂದರು ಡಾಕ್ಟರು. “ಸೊಸೆ ಬೈಯೋದು ಕೇಳಿಸದೆ ಇರ್ಲಿ ಅಂತಾನಾ?”

ಅವಳು ನಕ್ಕಳು. ಮನೆಯಲ್ಲಿ ಮಾತ್ರ “ಇನ್ನೂ ಬಂದಿಲ್ಲ ಅತ್ತೆ” ಎಂದೇ ಹೇಳುತ್ತ ಬಂದಿದ್ದಳು.

ಕಾರಣ, ಸಂಜೆ ಏಳು ಗಂಟೆ. ಗಂಡನಿದ್ದಾಗಿನಿಂದಲೂ ಆ ಮನೆಯಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ. ಅತ್ತೆ ಬೈಬಲ್ಲಿನ ಒಂದು ಭಾಗ ಓದುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸಬೇಕು. ಗಂಡ ಹಾಸಿಗೆ ಹಿಡಿದ ಹನ್ನೊಂದು ತಿಂಗಳೂ ಅವಳು ಒಂದು ದಿನ ತಪ್ಪಿಸಿರಲಿಲ್ಲ. ಮೊದಲು, ಕಾಯಿಲೆ ವಾಸಿಯಾಗಲಿ ಎಂದು ಕೇಳಿದಳು. ಆಮೇಲೆ, ಅವನ ಮುಂದಿನ ಹುಟ್ಟುಹಬ್ಬದವರೆಗಾದರೂ ಇರಲಿ ಎಂದಳು. ಕೊನೆಕೊನೆಗೆ, ನೋವಿಲ್ಲದೆ ಒಂದು ಗಂಟೆ ನಿದ್ದೆ ಬರಲಿ ಎಂದಷ್ಟೇ. ಕೇಳುವುದನ್ನು ಇಷ್ಟು ಚಿಕ್ಕದು ಮಾಡಿದರೂ ಸಿಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ದೇವರೊಡನೆ ಆಡುವ ಮಾತು ಅವಳಿಗೆ ಬರಲೇ ಇಲ್ಲ. ಸಿಟ್ಟೂ ಇರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ: ಇದೆ ಎಂದು ಗೊತ್ತು, ಊರಿದರೆ ನಿಲ್ಲದು. ಆದರೆ ಮಗನನ್ನು ಕಳೆದುಕೊಂಡ ಮುದುಕಿಯ ಎದುರು ‘ನನ್ನಿಂದಾಗದು’ ಎನ್ನಲು ಮನಸ್ಸು ಒಪ್ಪಲಿಲ್ಲ. ಹೇಗೂ ಅತ್ತೆಗೆ ಕಿವಿ ಮಂದ. ತನ್ನ ಸರದಿ ಬಂದಾಗ ಕಣ್ಣು ಮುಚ್ಚಿ, ಬರೀ ತುಟಿ ಆಡಿಸುತ್ತ, ಒಂದರಿಂದ ಅರವತ್ತರವರೆಗೆ ಎಣಿಸತೊಡಗಿದಳು. ಮುಗಿಸಿ ತಲೆಯೆತ್ತಿದರೆ ಅತ್ತೆ “ಆಮೆನ್” ಅನ್ನುತ್ತಿದ್ದರು. ಐದು ತಿಂಗಳು ಹೀಗೇ ನಡೆಯಿತು. ಯಂತ್ರ ಮನೆಗೆ ಬಂದರೆ ಬಣ್ಣ ಬಯಲಾಗುತ್ತಿತ್ತು.

ಬುಧವಾರ ಅವಳು ಕೆಲಸದಿಂದ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಒದ್ದೆಬಟ್ಟೆ ಒತ್ತಿಕೊಂಡಿದ್ದರು.

“ಸೈಕಲ್ಲಿನವನು ಬೆಲ್ ಹೊಡೆದನಂತೆ. ಹೊಡೆದೆ ಅಂತ ಅವನು, ಇಲ್ಲ ಅಂತ ನಾನು. ರಸ್ತೇಲಿ ಬಿದ್ಕೊಂಡೇ ಜಗಳ ಆಡಿದೆ,” ಎಂದು ನಕ್ಕರು.

ಗಾಯ ಚಿಕ್ಕದು. ಆದರೆ ಅತ್ತೆಯ ಕಿವಿಗೆ ಯಾವ ಸದ್ದು ಬೀಳುತ್ತದೆ, ಯಾವುದು ಬೀಳುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಪರೀಕ್ಷೆಯ ನಕ್ಷೆ ಬರೆದವಳು ಅವಳೇ. ಮರುದಿನ ಪೆಟ್ಟಿಗೆ ಅವಳ ಚೀಲದಲ್ಲಿತ್ತು.

ಸಂಜೆ ಮನೆಯಲ್ಲಿ ಯಂತ್ರವನ್ನು ಅತ್ತೆಯ ಕಿವಿಗೆ ಕೂರಿಸಿ ಸದ್ದನ್ನು ಹದ ಮಾಡಿದಳು. ಅತ್ತೆ ಕಣ್ಣರಳಿಸಿ ಗೋಡೆ ನೋಡಿದರು.

“ಈ ಗಡಿಯಾರ ಇಷ್ಟೊಂದು ಗಲಾಟೆ ಮಾಡುತ್ತಾ? ಹೇಗೆ ಸಹಿಸ್ಕೊಂಡಿದ್ಯೇ ತಾಯಿ?”

ಏಳು ಹೊಡೆಯಿತು. ಅತ್ತೆ ಓದಿದರು. ಪ್ರಾರ್ಥನೆಗೆ ಬಾಯಿ ತೆರೆದವರು ಮೊದಲ ಮಾತಿಗೇ ಬೆಚ್ಚಿ ನಿಲ್ಲಿಸಿದರು.

“ಇಷ್ಟು ದಿನ ಹೀಗೆ ಕಿರುಚ್ತಿದ್ನಾ ನಾನು? ಪಕ್ಕದ ಮನೆಯವರಿಗೆ ನಮ್ಮ ಸಂಸಾರವೆಲ್ಲ ಬಾಯಿಪಾಠ ಆಗಿರುತ್ತೆ.”

ದನಿ ತಗ್ಗಿಸಿ ಮುಗಿಸಿದರು. ಆಮೇಲೆ ಕಾದರು.

ಸೊಸೆ ಕಣ್ಣು ಮುಚ್ಚಿದಳು. ತುಟಿ ಮಿಸುಕಲಿಲ್ಲ. ಗಡಿಯಾರದ ಸದ್ದು ಈಗ ಅವಳಿಗೂ ದೊಡ್ಡದಾಗಿ ಕೇಳಿಸಿತು.

“ಅತ್ತೆ, ಮಿಷನ್ನು ಬಂದು ಮೂರು ವಾರ ಆಯ್ತು. ನಾನೇ ತರಲಿಲ್ಲ.”

“ಹೂಂ.”

“ನಾನು ಪ್ರಾರ್ಥನೆ ಮಾಡ್ತಾ ಇರಲಿಲ್ಲ. ಬರೀ…”

“ಎಣಿಸ್ತಿದ್ದೆ,” ಎಂದರು ಅತ್ತೆ.

ಅವಳು ಕಣ್ಣು ತೆರೆದಳು.

“ಕಣ್ಣು ಮುಚ್ತಿದ್ದಿದ್ದು ನೀನು, ನಾನಲ್ಲ. ಕಿವಿ ಹೋದವರು ತುಟಿ ನೋಡಿ ತಾನೇ ಬದುಕೋದು? ದಿನಾ ಇಂಥವರ ಜೊತೆಗೇ ಕೆಲಸ ಮಾಡ್ತೀಯ, ಅಷ್ಟೂ ಹೊಳೀಲಿಲ್ವಾ? ಹೋದ ತಿಂಗಳು ಒಂದಿನ ನಲವತ್ತಕ್ಕೇ ಎದ್ದುಬಿಟ್ಟೆ. ಹುಷಾರಿಲ್ವೇನೋ ಅಂದ್ಕೊಂಡೆ.”

“ಮತ್ತೆ ಆಮೆನ್ ಯಾಕೆ ಅಂತಿದ್ರಿ?”

ಅತ್ತೆ ಬೈಬಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

“ಅವನಿಗೋಸ್ಕರ ನಾನೂ ಕೇಳಿದ್ದೆನಲ್ಲೇ. ಅಷ್ಟು ಜೋರಾಗಿ ಕೇಳಿದೆ. ನನಗೂ ಏನೂ ಸಿಗಲಿಲ್ಲ. ಆಮೇಲೆ ಓದೋದು ಓದ್ತಿದ್ದೆ, ಹೇಳೋದು ಹೇಳ್ತಿದ್ದೆ. ಎಷ್ಟೋ ದಿನ ಮನಸ್ಸೇ ಇರ್ತಿರಲಿಲ್ಲ. ನೀನು ಬಂದು ಕೂರ್ತೀಯಲ್ಲ ಅಂತ ನಾನೂ ಬಂದು ಕೂರ್ತಿದ್ದೆ.”

ಅತ್ತೆ ಬೈಬಲ್ಲನ್ನು ಮುಚ್ಚಿ ಪಕ್ಕಕ್ಕಿಟ್ಟರು.

“ಇವತ್ತೂ ಎಣಿಸು,” ಎಂದರು ಅತ್ತೆ. “ಆದ್ರೆ ಬಾಯಿಬಿಟ್ಟು ಎಣಿಸು. ಹೊಸ ಕಿವಿ, ಕೇಳ್ತೀನಿ.”

ಒಂದು, ಎರಡು, ಮೂರು. ಐದು ತಿಂಗಳ ಮೇಲೆ ಆ ಹೊತ್ತಿನಲ್ಲಿ ತನ್ನದೇ ದನಿ ಅವಳ ಕಿವಿಗೆ ಬಿತ್ತು. ಬೇರೆ ಯಾರದೋ ಹಾಗಿತ್ತು. ಇಪ್ಪತ್ತಮೂರು ಎಂದಳು. ಇಪ್ಪತ್ತನಾಲ್ಕು ಬರಲಿಲ್ಲ.

“ಒಂದು ಗಂಟೆ ನಿದ್ದೆ ಕೇಳಿದ್ದೆ,” ಎಂದಳು. ಅತ್ತೆಗೆ ಹೇಳಿದ್ದಲ್ಲ. “ಅದನ್ನಾದ್ರೂ ಕೊಡಬಹುದಿತ್ತಲ್ಲ ನೀನು.”

ಉತ್ತರವೇನೂ ಬರಲಿಲ್ಲ. ಗಡಿಯಾರ ಮಾತ್ರ. ಅವಳು ತಲೆಯೆತ್ತಿ ಅತ್ತೆಯ ಆಮೆನ್‌ಗಾಗಿ ಕಾದಳು. ಅದೂ ಬರಲಿಲ್ಲ.

“ಇನ್ನೂ ಇದ್ರೆ ಹೇಳು,” ಎಂದರು ಅತ್ತೆ. “ಊಟ ತಣ್ಣಗಾದ್ರೆ ಬಿಸಿ ಮಾಡ್ಕೊಳ್ಳೋಣ.”

ಇನ್ನೂ ಇತ್ತು. ಅವಳು ಮತ್ತೆ ಕಣ್ಣು ಮುಚ್ಚಿದಳು.