ಬೇಲಿಯವರೆಗಿನ ದಾರಿ

ನಾಲ್ಕು ಮಂದಿ ಐಸ್ ಪೆಟ್ಟಿಗೆಗೆ ಕೈಹಚ್ಚಿ ವ್ಯಾನಿನ ಬಾಗಿಲ ತನಕ ಎತ್ತಿ ತಂದಿದ್ದರು. ಅಷ್ಟರಲ್ಲಿ ದುರ್ಗವ್ವ ಮನೆಯೊಳಗಿಂದ ಹೊರಬಂದು, "ಇಳಸ್ರಿ" ಎಂದಳು.

ಹಿಂದಿನ ಬೀದಿಯ ಲೇತ್ ಮಷೀನಿನ ಸದ್ದಿಗೆ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

"ಕೆಳಗ ಇಳಸ್ರಿ ಅಂದೆ. ಅವರನ್ನ ಊರಿಗೆ ಒಯ್ಯೂದು ಬ್ಯಾಡ."

ಪೆಟ್ಟಿಗೆಯೊಳಗಿದ್ದವನು ಅವಳ ಗಂಡ ಅಮರಪ್ಪ. ಲಿಂಗಸೂಗೂರು ಕಡೆಯಿಂದ ಬಂದು ಪೀಣ್ಯದ ಎರಕದ ಕಾರ್ಖಾನೆಯೊಂದರಲ್ಲಿ ತಲೆ ನರೆಯುವ ತನಕ ದುಡಿದಿದ್ದ. ಉಸಿರಿನ ಕಾಯಿಲೆ ಬಿಡದೆ ಕಾಡಿ, ನಿನ್ನೆ ಸಂಜೆ ತೀರಿಕೊಂಡಿದ್ದ. ಅವನ ಅಣ್ಣ ರೇವಣಸಿದ್ದ ಸುದ್ದಿ ತಿಳಿದ ಕೂಡಲೇ ಬಸ್ಸು ಹತ್ತಿ, ಬೆಳಿಗ್ಗೆ ಲಗ್ಗೆರೆಗೆ ಬಂದಿಳಿದವನೇ ವ್ಯಾನು ಗೊತ್ತುಮಾಡಿದ್ದ. ಅಲ್ಲಿ ಹೊಲದಲ್ಲಿ, ಅಪ್ಪ ಅವ್ವನ ಸಮಾಧಿಯ ಪಕ್ಕದಲ್ಲಿ, ಆಗಲೇ ಕುಣಿ ತೋಡಿ ಮುಗಿದಿತ್ತು.

"ಏನಂತೀಯವ್ವ ನೀನು?" ಎಂದ ರೇವಣಸಿದ್ದ. "ಮಂದಿ ಕಾಯಾಕ ಹತ್ಯಾರ ಅಲ್ಲಿ. ತೋಡಿದ ಕುಣಿ ಖಾಲಿ ಬಿಡಬಾರದು ಅಂತ ಗೊತ್ತಿಲ್ಲೇನು?"

"ಗೊತ್ತೈತಿ, ಭಾವ."

ಭಾವನಿಗೆ ಎದುರಾಡಿದ್ದು ಇದೇ ಮೊದಲು. ಕೈ ತನ್ನಷ್ಟಕ್ಕೆ ತಾನೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಕಾಲು ಮಾತ್ರ ಹಿಂದೆ ಸರಿಯಲಿಲ್ಲ.

ಮಗಳು ಶಾಂಭವಿ ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಹತ್ತಿರ ಬಂದಳು. "ಅವ್ವ, ದೊಡ್ಡಪ್ಪ ಹೇಳಿದಂಗೆ ಆಗ್ಲಿ ಬಿಡು. ಈಗ್ಯಾಕೆ ಇದೆಲ್ಲಾ?"

"ನಾ ಹೇಳಿದ್ದಲ್ಲವ್ವ. ನಿಮ್ಮಪ್ಪ ಹೇಳಿದ್ದು."

"ಯಾವಾಗ? ಆಸ್ಪತ್ರೇಲಾ?"

"ಅಲ್ಲ. ಕಾಡಿನ್ಯಾಗ."

*

ಅದನ್ನು ಕಾಡು ಅನ್ನುತ್ತಿದ್ದವರು ಅವರ ಮನೆಯವರಷ್ಟೇ. ಮನೆ ಮಾಲೀಕ ರಾಮಾಂಜಿನಪ್ಪನಿಗೆ ಅದು ತಾತನ ಕಾಲದ ಕಾವಲು, ತಾನು ದನ ಮೇಯಿಸಿದ ಜಾಗ. ಈಗ ಅರಣ್ಯ ಇಲಾಖೆಯವರು ಸುತ್ತ ತಂತಿಬೇಲಿ ಹಾಕಿ, ಓಡಾಡಲು ದಾರಿ ಮಾಡಿ, ಅಲ್ಲಲ್ಲಿ ಕಲ್ಲುಬೆಂಚು ಇಟ್ಟು, ಟ್ರೀ ಪಾರ್ಕ್ ಎಂದು ಬೋರ್ಡು ನಿಲ್ಲಿಸಿದ್ದರು. ಅಮರಪ್ಪ ಕೆಲಸ ಬಿಟ್ಟ ಮೇಲೆ, ಭಾನುವಾರ ಬಂತೆಂದರೆ ಹೆಂಡತಿ, ಮಗಳು, ಮೊಮ್ಮಗಳನ್ನು ಹೊರಡಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಏರಿಲ್ಲ, ಇಳಿಜಾರಿಲ್ಲ, ಉಸಿರು ಸಾಲದವನೂ ನಡೆಯಬಹುದಾದ ದಾರಿ. ಮೊದಲು ನೀಲಗಿರಿ, ಆಮೇಲೆ ಬಿದಿರಮೆಳೆ, ಅದು ದಾಟಿದರೆ ಹೊಂಗೆಯ ನೆರಳು. ಮೊಮ್ಮಗಳು ನವಿಲುಗರಿ ಹುಡುಕುತ್ತ ಮುಂದೆ ಓಡುವಳು. "ಮುಳ್ಳಿರ್ತವೆ ಕಣೇ, ಚಪ್ಪಲಿ ಹಾಕ್ಕೋ" ಎಂದು ಶಾಂಭವಿ ಹಿಂದೆಯೇ ಹೋಗುವಳು. ದುರ್ಗವ್ವನ ಚೀಲದಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ.

ಎಲ್ಲಿ ಕೂತರೂ ಅಮರಪ್ಪನಿಗೆ ಸಮಾಧಾನವಿಲ್ಲ. "ಇನ್ನೊಂದೀಟು, ಬೇಲಿ ತನಕ" ಎನ್ನುವನು. ದಾರಿ ಮುಗಿಯುವ ಆ ತುದಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಬೇಲಿಯಾಚೆ ಪೊದೆ, ಪೊದೆಯಾಚೆ ಸ್ಮಶಾನ. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಅದಕ್ಕೇ ಹೋಗುತ್ತಾನೆ ಎಂದು ದುರ್ಗವ್ವ ತಿಳಿದಿದ್ದಳು.

ಹೋದ ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ಮಗಳು ಮೊಮ್ಮಗಳು ಬಿದಿರಿನ ಹತ್ತಿರವೇ ಉಳಿದಿದ್ದಾಗ, ಅವಳು ಸುಮ್ಮನೆ ಕೇಳಿದಳು: "ಇಲ್ಲಿ ಬಂದು ಏನು ನೋಡ್ತೀರಿ ನೀವು?"

ಅಮರಪ್ಪ ಉಸಿರು ತಂದುಕೊಂಡ.

"ಆ ಬೇವಿನಗಿಡ ಕಾಣ್ತತಲ್ಲ, ಅದರ ಬುಡಕ್ಕ ಅದಾನ ನಮ್ಮ ಹುಡುಗ."

ಬೆಂಗಳೂರಿಗೆ ಬಂದ ವರ್ಷ ಹುಟ್ಟಿ, ಮುಖ ನೋಡಿ ನಗುವುದು ಕಲಿಯುವಷ್ಟರಲ್ಲಿ ಜ್ವರ ಬಂದು ಹೋದ ಚೊಚ್ಚಲ ಕೂಸು. ಇನ್ನೂ ಹೆಸರಿಟ್ಟಿರಲಿಲ್ಲ. ಬಾಣಂತಿ ಬರಬಾರದೆಂದು ಅವಳನ್ನು ಒಳಗೆ ಕೂರಿಸಿ, ಅಮರಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ರಾಮಾಂಜಿನಪ್ಪನ ಜೊತೆ ಹೋಗಿ ಬಂದಿದ್ದ. ಎಲ್ಲಿ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಮೇಲೆ ಶಾಂಭವಿ ಹುಟ್ಟಿದಳು, ಶಾಲೆಗೆ ಹೋದಳು, ಮದುವೆಯಾದಳು. ಆ ಮಾತು ಹಾಗೇ ಉಳಿಯಿತು.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ದಿನಾ ಬಂದು ಕೂಡ್ತಿದ್ದಿ." ಅವನು ಮತ್ತೆ ಅಂದ: "ನನ್ನ ಊರಿಗೆ ಒಯ್ಯಬ್ಯಾಡ, ದುರ್ಗಿ. ಅಲ್ಲಿ ಅಪ್ಪ ಅವ್ವನ್ನ ನೋಡಾಕ ಅಣ್ಣ ಅದಾನ. ಇಲ್ಲಿ ಇವಗ ಯಾರದಾರ?"

ದುರ್ಗವ್ವ ತಂತಿಯ ಕಣ್ಣುಗಳಲ್ಲಿ ಬೆರಳು ತೂರಿಸಿ ನಿಂತಳು. ಹಿಂದಿನಿಂದ ಮೊಮ್ಮಗಳು ಕರೆದಳು. ಇಬ್ಬರೂ ತಿರುಗಿ ಬಂದು, ಎಲ್ಲರ ಜೊತೆ ಕೂತು ಮಂಡಕ್ಕಿ ತಿಂದರು.

*

ಅವಳು ಹೇಳಿ ಮುಗಿಸುವಷ್ಟರಲ್ಲಿ ಪೆಟ್ಟಿಗೆ ನೆಲಕ್ಕಿಳಿದಿತ್ತು.

"ನಂಗೊಬ್ಬ ಅಣ್ಣ ಇದ್ನಾ?" ಎಂದಳು ಶಾಂಭವಿ.

"ಇದ್ದ ಕಣವ್ವ," ಎಂದಳು ರಾಮಾಂಜಿನಪ್ಪನ ತಾಯಿ ಅಂಜಿನಮ್ಮ, ಜಗುಲಿಯ ಮೇಲಿಂದ. "ನಾನೇ ನೀರಾಕ್ತಿದ್ದೆ ಆ ಮಗೀಗೆ. ಕೆಂಪುಕೆಂಪಗಿತ್ತು."

ರೇವಣಸಿದ್ದ ಮೆಟ್ಟಿಲ ಮೇಲೆ ಕೂತ. ರಾಮಾಂಜಿನಪ್ಪ ಪಕ್ಕಕ್ಕೆ ಬಂದು, "ಬೇವಿನಮರ ಈಗ್ಲೂ ಐತೆ, ಯಜಮಾನ್ರೆ. ಜಾಗ ನಂಗೊತ್ತು. ನೀವು ಊಂ ಅಂದ್ರೆ ಗುಣಿ ತೆಗೆಸ್ತೀನಿ," ಎಂದ.

ರೇವಣಸಿದ್ದ ಊಂ ಅನ್ನಲಿಲ್ಲ. ಮೊಬೈಲು ತೆಗೆದು ಊರಿನಲ್ಲಿದ್ದ ಮಗನಿಗೆ ಹಚ್ಚಿದ.

"ಹನುಮೇಶ, ನಿಮ್ಮ ಕಾಕಾ ಬರೂದಿಲ್ಲೋ. ಹೌದು, ಇಲ್ಲೇ. ಅಟ್ಟದ ಮ್ಯಾಲ ಅವನ ಹಳೇ ಧೋತರ ಐತಿ ನೋಡು. ಅದನ್ನ ಕುಣ್ಯಾಗ ಇಟ್ಟು, ಎಲ್ಲಾರೂ ಮಣ್ಣು ಕೊಟ್ಟು ಮುಚ್ಚ್ರಿ. ಖಾಲಿ ಬಿಡಬ್ಯಾಡ್ರಿ."

*

ಮಣ್ಣು ಕೊಡುವಾಗ ದುರ್ಗವ್ವ ಎರಡು ಹಿಡಿ ತೆಗೆದುಕೊಂಡಳು. ಒಂದು ಗಂಡನಿಗೆ. ಇನ್ನೊಂದನ್ನು, ರಾಮಾಂಜಿನಪ್ಪ ಬಗ್ಗಿ ಅಂಗೈಯಿಂದ ಮುಟ್ಟಿ ತೋರಿಸಿದ ಕಡೆ, ಬೇವಿನ ಬೇರಿನ ಮಗ್ಗುಲಲ್ಲಿ ಉದುರಿಸಿದಳು. ಅಲ್ಲಿ ಗುರುತೇನೂ ಇರಲಿಲ್ಲ, ಗರಿಕೆ ಬೆಳೆದಿತ್ತು. ಶಾಂಭವಿ ಮಗಳ ಕೈ ಹಿಡಿದು ಅವಳಿಂದಲೂ ಒಂದು ಚಿಟಿಕೆ ಹಾಕಿಸಿದಳು.

ಎಲ್ಲ ಮುಗಿದು ಹೊರಡುವಾಗ ರೇವಣಸಿದ್ದ ಕೇಳಿದ: "ಅವ ಎಲ್ಲಿ ನಿಂತು ನೋಡ್ತಿದ್ದ?"

ದುರ್ಗವ್ವ ಪೊದೆಯಾಚೆಯ ಬೇಲಿಯತ್ತ ಕೈ ತೋರಿಸಿದಳು. ಅಲ್ಲೊಂದು ಕಡೆ ತಂತಿ ಬಗ್ಗಿ, ಒಬ್ಬರು ನುಸುಳುವಷ್ಟು ಸಂದಾಗಿತ್ತು. ರೇವಣಸಿದ್ದ ಅತ್ತ ಹೊರಟ.

"ಮೈಲಿಗೇಲಿ ಅಡ್ಡಾಡಬಾರ್ದು, ನೀರುಯ್ಕೊಂಡು ಆಮೇಲೆ..." ಎಂದು ಶುರುಮಾಡಿದ ರಾಮಾಂಜಿನಪ್ಪ ಅಷ್ಟಕ್ಕೇ ನಿಲ್ಲಿಸಿದ. "ಓಗ್ಬನ್ನಿ. ಗಿಡಮರಕ್ಕೇನು ಮೈಲಿಗೆ."

ದುರ್ಗವ್ವನ ಹಿಂದೆ ಬೇಲಿ ದಾಟಿ ರೇವಣಸಿದ್ದ ತಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ತಂತಿಯ ಆಚೆಗೆ ಹಸಿ ಕೆಮ್ಮಣ್ಣು ಬಿಸಿಲಿಗೆ ಆರುತ್ತಿತ್ತು. ಅವನು ನೋಡಿಯೇ ನೋಡಿದ. ಆಮೇಲೆ ತಿರುಗಿ, ಮರಗಳ ನಡುವೆ ಯಾವ ಕಡೆ ಹೆಜ್ಜೆ ಇಡಬೇಕೆಂದು ತಿಳಿಯದೆ ನಿಂತುಬಿಟ್ಟ.

"ಹಿಂಗ ಬರ್ರಿ, ಭಾವ, ಅವರು ಬರ್ತಿದ್ದ ದಾರಿ ಇದು," ಎಂದು ದುರ್ಗವ್ವ ಮುಂದಾದಳು.

ಹೊಂಗೆಯ ಸಾಲಿನ ತಿರುವಿನಲ್ಲಿ ಸೀಗೆಯ ಬಳ್ಳಿಯೊಂದು ಮುಳ್ಳಿನ ಸಮೇತ ದಾರಿಗೆ ಅಡ್ಡ ಬಾಗಿತ್ತು. ಅವಳು ಮುಳ್ಳಿಲ್ಲದ ಕಡೆ ಹಿಡಿದು ಅದನ್ನು ಮೇಲೆತ್ತಿ ನಿಂತಳು. ಎತ್ತರದ ಆಳು ರೇವಣಸಿದ್ದ ಅವಳ ಕೈಯ ಕೆಳಗೆ ತಲೆ ಬಗ್ಗಿಸಿ, ನಿಧಾನಕ್ಕೆ ಆ ಕಡೆ ದಾಟಿದ.